ನೆಲ ಡೊಂಕೇ, ನೋಟ ಡೊಂಕೇ?

7.5 ಮಿಲಿಮೀಟರಿನ ಅಗ್ಗದ ಮ್ಯಾನುಯಲ್ ಫಿಶ್‌ಐ ಲೆನ್ಸೊಂದನ್ನು ಮಿರರ್‌ಲೆಸ್ ಕ್ಯಾಮೆರಾಕ್ಕೆ ಕೂರಿಸಿದವರಿಗೆ ಮೊದಲು ಕ್ಯಾಮೆರಾದೊಡನೆಯೇ ಒಂದು ತಕರಾರು ಎದುರಾಗುತ್ತದೆ. ಲೆನ್ಸಿನ ಹಿಂಬದಿಯಲ್ಲಿ ವಿದ್ಯುತ್ ಸಂಪರ್ಕದ ಬಿಂದುಗಳಿಲ್ಲದ ಕಾರಣ ಕ್ಯಾಮೆರಾ ತನಗೆ ಲೆನ್ಸೇ ಇಲ್ಲವೆಂದು ತಿಳಿಯುತ್ತದೆ. ಮೆನುವಿನೊಳಗೆ ಹೋಗಿ, ಲೆನ್ಸ್ ಇಲ್ಲದಿದ್ದರೂ ಶಟರ್ ಬಿಡು ಎಂದು ಅಪ್ಪಣೆ ಕೊಟ್ಟ ಮೇಲಷ್ಟೇ ಅದು ಕೆಲಸಕ್ಕಿಳಿಯುತ್ತದೆ. ಆಮೇಲಿನದು ಸಲೀಸು. ಎಪಿಎಸ್-ಸಿ ಸೆನ್ಸರಿನ ಕ್ಯಾಮೆರಾದಲ್ಲಿ ಅಪರ್ಚರನ್ನು 8ಕ್ಕೆ ತಿರುಗಿಸಿ, ಫೋಕಸ್ ಉಂಗುರವನ್ನು ಸುಮಾರು 35 ಸೆಂಟಿಮೀಟರಿಗೆ ನಿಲ್ಲಿಸಿದರೆ, 18 ಸೆಂಟಿಮೀಟರಿನಷ್ಟು ಹತ್ತಿರದ ಹೂವಿನಿಂದ ದೂರದ ಮೋಡದವರೆಗೆ ಎಲ್ಲವೂ ಸ್ಫುಟವಾಗಿ ಬರುತ್ತದೆ. ಉಂಗುರವನ್ನು ಮತ್ತೆ ಮುಟ್ಟಬೇಕಾಗಿಲ್ಲ. ಆದರೆ ತೆರೆಯ ಮೇಲೆ ಮೂಡುವ ಚಿತ್ರ ಕಂಡವರ ಹುಬ್ಬು ಗಂಟಿಕ್ಕುತ್ತದೆ. ಅಂಚಿನ ಕಂಬಗಳು ಬಾಗಿವೆ. ಕ್ಯಾಮೆರಾ ತುಸು ತಗ್ಗಿದರೆ ದಿಗಂತ ಉಬ್ಬುತ್ತದೆ, ತುಸು ಎತ್ತಿದರೆ ಜೋಲುತ್ತದೆ. ಚಿತ್ರ ತೆಗೆಯುವವರ ಪಾದಗಳೂ, ಎಚ್ಚರ ತಪ್ಪಿದರೆ ಬೆರಳ ತುದಿಗಳೂ ಚೌಕಟ್ಟಿನೊಳಗೆ ಬಂದು ಕೂರುತ್ತವೆ. ಇದು ಲೋಕವನ್ನು ಇದ್ದಂತೆ ತೋರುತ್ತಿಲ್ಲ, ತಿರುಚುತ್ತಿದೆ ಎಂಬ ತೀರ್ಪು ಆ ಕ್ಷಣಕ್ಕೇ ಬಂದುಬಿಡುತ್ತದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲ ನೆಟ್ಟಗಿದೆ, ಗಾಜು ಡೊಂಕು ಎನ್ನುತ್ತೇವೆ. ಈ ಎರಡನೆಯ ಮಾತನ್ನೂ ಅಷ್ಟೇ ಅನುಮಾನದಿಂದ ನೋಡಬೇಕು. ಬಾಗಿದ ಚಿತ್ರ ಸುಳ್ಳು ಚಿತ್ರವೇ ಎಂಬ ಪ್ರಶ್ನೆಯ ಒಳಗೆ, ಒಂದು ನೋಟ ಯಾವಾಗ ಸುಳ್ಳಾಗುತ್ತದೆ ಎಂಬ ಹಳೆಯ ತಾತ್ವಿಕ ಪ್ರಶ್ನೆ ಇದೆ. ನನ್ನ ವಾದ ಇಷ್ಟು: ಬಾಗುವುದರಿಂದ ನೋಟ ಸುಳ್ಳಾಗುವುದಿಲ್ಲ; ತಾನು ಯಾವ ಕಟ್ಟಿಗೆ ಒಳಪಟ್ಟು ನೋಡುತ್ತಿದ್ದೇನೆ ಎಂಬುದನ್ನು ಮುಚ್ಚಿಟ್ಟು, ಇರುವುದೇ ಹೀಗೆ ಎಂದು ಸಾಧಿಸಿದಾಗ ಸುಳ್ಳಾಗುತ್ತದೆ.

ಈ ಬಗೆಯ ನೋಟ ಹುಟ್ಟಿದ್ದು ವಿನೋದಕ್ಕಲ್ಲ ಎಂಬುದನ್ನು ಮೊದಲು ಹೇಳಬೇಕು. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ 1906ರಲ್ಲಿ, ನೀರೊಳಗಿನ ಮೀನಿಗೆ ದಡದ ಲೋಕ ಹೇಗೆ ತಲುಪಬಹುದು ಎಂದು ತಿಳಿಯಲು, ನೀರು ತುಂಬಿದ ಸೂಜಿರಂಧ್ರದ ಕ್ಯಾಮೆರಾ ಮಾಡಿಕೊಂಡು ಚಿತ್ರ ತೆಗೆದ. ನೀರಿಗೆ ಇಳಿಯುವ ಬೆಳಕು ಬಾಗುವುದರಿಂದ, ಮೇಲಿನ ಇಡೀ ಅರ್ಧಗೋಳ ನೀರೊಳಗಿನ ಕಣ್ಣಿಗೆ ಸುಮಾರು 97 ಡಿಗ್ರಿಯ ಒಂದು ವೃತ್ತದೊಳಗೆ ಮುದುಡಿ ಬರುತ್ತದೆ. (ಮೀನಿಗೆ ಅದು ಡೊಂಕಾಗಿ ಕಾಣುತ್ತದೆಯೇ ಎಂದು ಮೀನನ್ನು ಯಾರೂ ಕೇಳಿಲ್ಲ, ಹುಟ್ಟಿದಂದಿನಿಂದ ಹಾಗೆಯೇ ಕಂಡಿದ್ದಕ್ಕೆ ಅದೇ ನೇರವಾಗಿರಲೂ ಸಾಕು.) 1924ರಲ್ಲಿ ಇಂಗ್ಲೆಂಡಿನ ರಾಬಿನ್ ಹಿಲ್ ಇಡೀ ಆಕಾಶವನ್ನು ಒಂದೇ ಚಿತ್ರದಲ್ಲಿ ಹಿಡಿಯುವ ಲೆನ್ಸಿನ ಬಗ್ಗೆ ಬರೆದ. ಮುಂದೆ ದ್ಯುತಿಸಂಶ್ಲೇಷಣೆಯ ಸಂಶೋಧನೆಯಿಂದ ಹೆಸರಾದ ಹಿಲ್ ಈತನೇ. ಮೋಡಗಳನ್ನು ಅಭ್ಯಾಸ ಮಾಡಲು ಅವನಿಗೆ ಅಂಥ ಲೆನ್ಸ್ ಬೇಕಿತ್ತು. ನಿಕಾನ್ ಕಂಪನಿಯ 8 ಮಿಲಿಮೀಟರಿನ ಫಿಶ್‌ಐ 1962ರಲ್ಲಿ ಸಾಮಾನ್ಯ ಕ್ಯಾಮೆರಾಕ್ಕೆ ಬಂದಾಗಲೂ ಅದರ ಹಿಂಭಾಗ ಕ್ಯಾಮೆರಾದ ಹೊಟ್ಟೆಯೊಳಗೆ ಚಾಚಿಕೊಳ್ಳುತ್ತಿದ್ದುದರಿಂದ ಒಳಗಿನ ಕನ್ನಡಿಯನ್ನು ಮೇಲಕ್ಕೆತ್ತಿ ಕಟ್ಟಬೇಕಿತ್ತು, ಅಂದರೆ ಲೆನ್ಸಿನ ಮೂಲಕ ನೋಡದೆಯೇ ಚಿತ್ರ ತೆಗೆಯಬೇಕಿತ್ತು. ಆ ಕ್ಯಾಮೆರಾಗಳಲ್ಲಿ ಲೆನ್ಸ್ ಕೂರುವ ಜಾಗದಿಂದ ಫಿಲ್ಮಿಗೆ 46.5 ಮಿಲಿಮೀಟರ್ ದೂರ. ಇಂದಿನ ಕೆಲವು ಮಿರರ್‌ಲೆಸ್‌ಗಳಲ್ಲಿ ಅದು 18 ಮಿಲಿಮೀಟರ್. ನಡುವಿನ ಕನ್ನಡಿ ಹೋದದ್ದರಿಂದ ಇಂಥ ಲೆನ್ಸನ್ನು ಪುಟ್ಟದಾಗಿ, ಕಡಿಮೆ ಖರ್ಚಿನಲ್ಲಿ ಮಾಡುವುದು ಸಾಧ್ಯವಾಯಿತು. ಒಂದು ಕಾಲಕ್ಕೆ ವೀಕ್ಷಣಾಲಯಗಳ ಸಾಧನವಾಗಿದ್ದದ್ದು ಈಗ ವಿದ್ಯಾರ್ಥಿಯ ಚೀಲದಲ್ಲಿರಬಹುದು.

ಈಗ ಡೊಂಕಿನ ಲೆಕ್ಕಕ್ಕೆ ಬರೋಣ. ನಿಂತ ಜಾಗಕ್ಕೆ ಎಲ್ಲ ದಿಕ್ಕುಗಳಿಂದಲೂ ಬರುವ ಬೆಳಕಿನ ಕಿರಣಗಳು ಒಟ್ಟಾಗಿ ಒಂದು ಗೋಳವನ್ನು ಮಾಡುತ್ತವೆ. ಸೆನ್ಸರು ಚಪ್ಪಟೆ. ಗೋಳದ ಮೇಲಿನದನ್ನು ಚಪ್ಪಟೆಗೆ ಇಳಿಸುವಾಗ ಏನನ್ನೂ ಕೆಡಿಸದೆ ಇಳಿಸುವ ಉಪಾಯವೇ ಇಲ್ಲ ಎಂದು ಗೌಸ್ 1827ರಲ್ಲಿ ತೋರಿಸಿಕೊಟ್ಟ. ತೆಂಗಿನಕಾಯಿಗೆ ಕಾಗದ ಸುತ್ತಿ ನೋಡಿದವರಿಗೆ ಗೌಸನ ಗಣಿತ ಓದದೆಯೂ ಇದು ಗೊತ್ತು: ಕಾಗದ ಎಲ್ಲೋ ಒಂದು ಕಡೆ ಸುಕ್ಕಾಗಲೇಬೇಕು, ಇಲ್ಲವೇ ಹರಿಯಲೇಬೇಕು. ನಾವು 'ನೇರ' ಎನ್ನುವ ಸಾಮಾನ್ಯ ಲೆನ್ಸ್ ಗೆರೆಗಳ ನೇರವನ್ನು ಉಳಿಸಿಕೊಂಡು, ಅದಕ್ಕೆ ಬದಲಾಗಿ ಆಕಾರಗಳನ್ನು ಹಿಗ್ಗಿಸುತ್ತದೆ. ನಡುವಿನಿಂದ 45 ಡಿಗ್ರಿ ಆಚೆಗಿರುವ ವಸ್ತು ಚಿತ್ರದಲ್ಲಿ ಹೊರದಿಕ್ಕಿಗೆ ಎರಡು ಪಾಲು, ಅಡ್ಡದಿಕ್ಕಿಗೆ ಸುಮಾರು 1.4 ಪಾಲು ಹಿಗ್ಗಿರುತ್ತದೆ. ಮದುವೆಯ ಗುಂಪು ಫೋಟೋದಲ್ಲಿ ತುದಿಗೆ ನಿಂತ ಸೋದರಮಾವ ಯಾಕೆ ಹಠಾತ್ತನೆ ದಪ್ಪಗಾದರು ಎಂಬುದಕ್ಕೆ ಇದೇ ಉತ್ತರ. 90 ಡಿಗ್ರಿಗೆ ಹೋದರೆ ಈ ಹಿಗ್ಗುವಿಕೆಗೆ ಕೊನೆಯೇ ಇಲ್ಲ, ಅನಂತ. ಆದ್ದರಿಂದ ಪೂರ್ಣ 180 ಡಿಗ್ರಿಯನ್ನು ನೇರ ಗೆರೆಗಳ ಚಿತ್ರದಲ್ಲಿ ಎಂದೆಂದಿಗೂ ತೋರಿಸಲಾಗದು, ಎಷ್ಟು ಹಣ ಸುರಿದರೂ. ಫಿಶ್‌ಐ ಬೇರೆ ಒಪ್ಪಂದ ಮಾಡಿಕೊಳ್ಳುತ್ತದೆ. ಅದರ ಒಂದು ಬಗೆಯಲ್ಲಿ ನಡುವಿನಿಂದ ಇರುವ ದೂರ ಕೋನಕ್ಕೆ ಸರಿಸಮವಾಗಿ ಬೆಳೆಯುತ್ತದೆ: ಹತ್ತು ಡಿಗ್ರಿ ಸರಿದದ್ದು ಎಲ್ಲೇ ಇದ್ದರೂ ಅಷ್ಟೇ ಅಳತೆ ಸರಿಯುತ್ತದೆ. ಇನ್ನೊಂದು ಬಗೆಯಲ್ಲಿ ಆಕಾಶದ ಸಮಾನ ತುಂಡುಗಳು ಚಿತ್ರದಲ್ಲೂ ಸಮಾನ ವಿಸ್ತೀರ್ಣ ಪಡೆಯುತ್ತವೆ. ಗೆರೆಯ ನೇರವನ್ನು ಬಿಟ್ಟುಕೊಟ್ಟು ಕೋನವನ್ನೋ ವಿಸ್ತೀರ್ಣವನ್ನೋ ಉಳಿಸಿಕೊಂಡ ಚಿತ್ರಗಳು ಇವು. ಯೂಕ್ಲಿಡ್ ತನ್ನ ದೃಗ್ವಿಜ್ಞಾನದ ಗ್ರಂಥದಲ್ಲಿ ವಸ್ತು ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದನ್ನು ಕಟ್ಟಿದ್ದು ಕೋನಕ್ಕೇ. ಆ ಲೆಕ್ಕದಲ್ಲಿ ಕೋನ ಉಳಿಸುವ ಫಿಶ್‌ಐ ಅವನಿಗೆ ಸಾಮಾನ್ಯ ಲೆನ್ಸಿಗಿಂತ ಹತ್ತಿರದ ನೆಂಟ.

ನೇರ ಗೆರೆಯ ಚಿತ್ರಕ್ಕೆ ಇಷ್ಟೊಂದು ಅಧಿಕಾರ ಎಲ್ಲಿಂದ ಬಂತು ಎಂದು ಹುಡುಕಿದರೆ ಹದಿನೈದನೆಯ ಶತಮಾನದ ಫ್ಲಾರೆನ್ಸ್ ಸಿಗುತ್ತದೆ. ವಾಸ್ತುಶಿಲ್ಪಿ ಬ್ರುನೆಲೆಸ್ಕಿ ಅಲ್ಲಿನ ಬ್ಯಾಪ್ಟಿಸ್ಟ್ರಿಯ ಚಿತ್ರ ಬರೆದು, ಹಲಗೆಗೆ ತೂತು ಕೊರೆದು, ಹಿಂಬದಿಯಿಂದ ಒಂದೇ ಕಣ್ಣಿಟ್ಟು ಎದುರಿನ ಕನ್ನಡಿಯಲ್ಲಿ ಅದನ್ನು ನೋಡುವಂತೆ ಏರ್ಪಾಡು ಮಾಡಿದ್ದನಂತೆ. ಆ ತೂತೇ ಇಲ್ಲಿ ಮುಖ್ಯ. ಇಂಥ ಚಿತ್ರ ಒಂದು ಕಣ್ಣಿಗೆ, ಒಂದು ಜಾಗದಿಂದ ಮಾತ್ರ ನಿಜ ಎಂಬ ಷರತ್ತನ್ನು ಅವನು ಹಲಗೆಯಲ್ಲೇ ಕೊರೆದಿಟ್ಟಿದ್ದ. ಆಮೇಲಿನವರು ಚಿತ್ರವನ್ನು ಇಟ್ಟುಕೊಂಡು ತೂತನ್ನು ಮರೆತರು. ಆ ಷರತ್ತು ಇಂದಿಗೂ ಜಾರಿಯಲ್ಲಿದೆ: 36 ಮಿಲಿಮೀಟರ್ ಅಗಲದ ಸೆನ್ಸರಿನ ಮೇಲೆ 12 ಮಿಲಿಮೀಟರಿನ ನೇರ ಲೆನ್ಸಿನಿಂದ ತೆಗೆದ ಚಿತ್ರವನ್ನು 36 ಸೆಂಟಿಮೀಟರ್ ಅಗಲಕ್ಕೆ ಮುದ್ರಿಸಿದರೆ, ಅದು ಸರಿಯಾಗಿ ಕಾಣುವುದು 12 ಸೆಂಟಿಮೀಟರ್ ದೂರದಿಂದ. ಮೂಗು ತಾಗುವಷ್ಟು ಹತ್ತಿರದಿಂದ ಫೋಟೋ ನೋಡುವವರು ಯಾರು? 50 ಮಿಲಿಮೀಟರಿನ ಲೆನ್ಸಿನ ಚಿತ್ರವನ್ನು ಅಷ್ಟೇ ಹಿಗ್ಗಿಸಿದರೆ ನೋಡಬೇಕಾದ ದೂರ 50 ಸೆಂಟಿಮೀಟರ್, ಕೈಯಲ್ಲಿ ಹಿಡಿದು ನೋಡುವ ಅಳತೆ. ಅದಕ್ಕೇ ಅದು ಸಹಜವೆನಿಸುತ್ತದೆ. ಸಹಜತೆ ಲೆನ್ಸಿನೊಳಗಿಲ್ಲ, ನಾವು ಕಾಗದ ಹಿಡಿಯುವ ಅಭ್ಯಾಸದಲ್ಲಿದೆ. ರಾಫೆಲ್‌ಗೆ ಈ ತೊಂದರೆ ಗೊತ್ತಿದ್ದಿರಬೇಕು. ವ್ಯಾಟಿಕನ್ನಿನ 'ಅಥೆನ್ಸಿನ ಶಾಲೆ' ಎಂಬ ಭಿತ್ತಿಚಿತ್ರ ಈ ನೇರ ಗೆರೆಯ ಪದ್ಧತಿಗೆ, ಅಂದರೆ ಪರ್ಸ್ಪೆಕ್ಟಿವ್‌ಗೆ ಮಾದರಿಯೆಂದು ಹೆಸರಾದದ್ದು. ಅದರ ಬಲ ಅಂಚಿನಲ್ಲಿ ಇಬ್ಬರು ಹಿಡಿದಿರುವ ಗೋಳಗಳು ನಿಯಮದಂತೆ ಮೊಟ್ಟೆಯಾಕಾರಕ್ಕೆ ಹಿಗ್ಗಬೇಕಿತ್ತು. ಅವನು ಅವುಗಳನ್ನು ದುಂಡಗೆ ಬರೆದ. ನಿಯಮದ ಪರಮಾಚಾರ್ಯನೇ ನಿಯಮ ಮುರಿದು ಚಿತ್ರವನ್ನು ಕಾಪಾಡಿದ.

ಇಂದಿನ ಕ್ಯಾಮೆರಾಗಳಲ್ಲಿ ಈ ಮರೆವು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಗಿದೆ. ನನ್ನ ಲೆಕ್ಕದಲ್ಲಿ ಅಗ್ಗದ ಮ್ಯಾನುಯಲ್ ಲೆನ್ಸಿನ ತಾತ್ವಿಕ ಬೆಲೆ ಇರುವುದು ಇಲ್ಲೇ. 2008ರಲ್ಲಿ ಮೈಕ್ರೋ ಫೋರ್ ಥರ್ಡ್ಸ್ ಕ್ಯಾಮೆರಾಗಳು ಬಂದಾಗಿನಿಂದ, ಲೆನ್ಸು ತನ್ನ ಡೊಂಕಿನ ವಿವರವನ್ನು ತಾನೇ ಕ್ಯಾಮೆರಾಕ್ಕೆ ಹೇಳುವ, ಕ್ಯಾಮೆರಾ ಅದನ್ನು ಕ್ಷಣದಲ್ಲಿ ನೆಟ್ಟಗೆ ಮಾಡಿ ತೋರಿಸುವ ಪದ್ಧತಿ ರೂಢಿಗೆ ಬಂತು. ಈಗ ಎಷ್ಟೋ ಅಗಲ ನೋಟದ ಆಟೊಫೋಕಸ್ ಲೆನ್ಸುಗಳು ಗಾಜಿನ ಮಟ್ಟದಲ್ಲಿ ಚೆನ್ನಾಗಿಯೇ ಬಾಗಿದವು. ಆ ಬಾಗು ಕೊಂಡವರ ಕಣ್ಣಿಗೆ ಬೀಳುವುದೇ ಇಲ್ಲ. ವ್ಯೂಫೈಂಡರಿಗೆ ಬರುವ ಮುಂಚೆಯೇ ಲೆಕ್ಕ ಅದನ್ನು ತಿದ್ದಿರುತ್ತದೆ, ಮೂಲೆಗಳನ್ನು ಎಳೆದು ಹಿಗ್ಗಿಸಿರುತ್ತದೆ. ಇದರಲ್ಲಿ ಮೋಸವಿದೆ ಎಂದು ನಾನು ಹೇಳುತ್ತಿಲ್ಲ. ಲೆನ್ಸು ಹಗುರಾಗಲು, ಬೆಲೆ ಇಳಿಯಲು ಇದು ಜಾಣ ದಾರಿ. ಆದರೆ ಪರಿಣಾಮ ಗಮನಿಸಿ: ನೇರವಾಗಿ ಕಾಣುವ ಚಿತ್ರ ಇದ್ದದ್ದರ ನೇರ ವರದಿ ಎಂಬ ನಂಬಿಕೆ ಗಟ್ಟಿಯಾಗುತ್ತ ಹೋಗುತ್ತದೆ, ನಡುವಿನ ಕೆಲಸ ಕಾಣದಂತೆ ಅಡಗುತ್ತ ಹೋಗುತ್ತದೆ. ಸಂಪರ್ಕದ ಬಿಂದುಗಳಿಲ್ಲದ ಲೆನ್ಸಿಗೆ ಈ ಸೌಲಭ್ಯವಿಲ್ಲ. ಅದು ಕ್ಯಾಮೆರಾಕ್ಕೆ ಏನನ್ನೂ ಹೇಳಲಾರದು, ಕ್ಯಾಮೆರಾ ಅದರ ಪರವಾಗಿ ಏನನ್ನೂ ತಿದ್ದಲಾರದು. ಗಾಜು ಕೊಟ್ಟದ್ದೇ ತೆರೆಗೆ ಬರುತ್ತದೆ. ಬಡತನದಿಂದ ಬಂದ ಪ್ರಾಮಾಣಿಕತೆ ಇದು ಎಂದು ನಗಬಹುದು. ಪ್ರಾಮಾಣಿಕತೆ ಎಲ್ಲಿಂದ ಬಂದರೂ ಅದರ ಕೆಲಸ ಒಂದೇ.

ನೋಟ ಮತ್ತು ಅದರ ಷರತ್ತಿನ ಈ ಸಂಬಂಧವನ್ನು ಜೈನ ತಾರ್ಕಿಕರಷ್ಟು ಎಚ್ಚರದಿಂದ ವಿವೇಚಿಸಿದವರು ಕಡಿಮೆ. ವಸ್ತುವಿಗೆ ಅನೇಕ ಧರ್ಮಗಳಿವೆ. ಅವುಗಳಲ್ಲಿ ಒಂದನ್ನು ಹಿಡಿದು ನೋಡುವುದು ನಯ. ನಯ ಭಾಗಶಃ ಎಂಬ ಕಾರಣಕ್ಕೆ ಸುಳ್ಳಲ್ಲ. ತನ್ನ ಪಾಲಿನ ಧರ್ಮವನ್ನು ಹೇಳುತ್ತ ಉಳಿದವುಗಳ ಬಗ್ಗೆ ಸುಮ್ಮನಿರುವುದು ನಯ. ಉಳಿದವು ಇಲ್ಲವೇ ಇಲ್ಲ ಎಂದು ತಳ್ಳಿಹಾಕಿದರೆ ಅದೇ ದುರ್ನಯ. ಸಿದ್ಧಸೇನ ದಿವಾಕರನಿಂದ ಹೇಮಚಂದ್ರನವರೆಗೆ ಈ ಗೆರೆಯನ್ನು ಮತ್ತೆ ಮತ್ತೆ ಎಳೆದಿದ್ದಾರೆ. ಎಂಟನೆಯ ಶತಮಾನದ ಅಕಲಂಕ ಈ ತರ್ಕವನ್ನು ಪ್ರಮಾಣಶಾಸ್ತ್ರದ ಬುನಾದಿಯ ಮೇಲೆ ನಿಲ್ಲಿಸಿದವನು. ಅವನ ವಾದವಿಜಯಗಳನ್ನು ಶ್ರವಣಬೆಳಗೊಳದ ಮಲ್ಲಿಷೇಣ ಪ್ರಶಸ್ತಿ ಶಾಸನ ಹನ್ನೆರಡನೆಯ ಶತಮಾನದಲ್ಲೂ ನೆನೆಯುತ್ತದೆ. ಅವನ ಎಣಿಕೆಯಲ್ಲಿ ನಯ ಎನ್ನುವುದು ತಿಳಿಯುವವನ ಉದ್ದೇಶಕ್ಕೆ ಕಟ್ಟಿಕೊಂಡದ್ದು. ಈ ಅಳತೆಗೋಲನ್ನು ಲೆನ್ಸಿಗೆ ಹಿಡಿದರೆ ರೂಢಿಯ ತೀರ್ಪು ತಲೆಕೆಳಗಾಗುತ್ತದೆ. ಫಿಶ್‌ಐ ಚಿತ್ರ ನೋಡಿದ ಯಾವ ಮಗುವೂ ಕಂಬ ನಿಜಕ್ಕೂ ಬಾಗಿದೆ ಎಂದುಕೊಳ್ಳುವುದಿಲ್ಲ. ತಾನು ಒಂದು ಬಗೆಯ ನೋಟ ಎಂಬುದನ್ನು ಚಿತ್ರ ತನ್ನ ಮೈಮೇಲೆಯೇ ಬರೆದುಕೊಂಡಿದೆ. ಅಗಲ ಲೆನ್ಸಿನಿಂದ ತೆಗೆದ ಮನೆ ಮಾರಾಟದ ಜಾಹೀರಾತು ಹಾಗಲ್ಲ. ಗೋಡೆಗಳೆಲ್ಲ ನೆಟ್ಟಗಿವೆ, ಹತ್ತಡಿಯ ಕೋಣೆ ಮಾತ್ರ ಹಜಾರವಾಗಿದೆ. ಒಂದೇ ಒಂದು ಗೆರೆಯನ್ನೂ ಬಾಗಿಸದೆ ಅದು ಕೊಳ್ಳುವವನನ್ನು ದಾರಿ ತಪ್ಪಿಸಬಲ್ಲದು.

ಇದಕ್ಕೆ ಬರುವ ಮೊದಲ ಆಕ್ಷೇಪ ಸಾವಿರ ವರ್ಷಕ್ಕೂ ಹಳೆಯದು. ಎಲ್ಲ ನೋಟಗಳೂ ತಂತಮ್ಮ ಷರತ್ತಿನಲ್ಲಿ ನಿಜವಾದರೆ ಯಾವುದನ್ನು ಬೇಕಾದರೂ ಆರಿಸಿಕೊಳ್ಳಬಹುದಲ್ಲ, ನಿಜ-ಸುಳ್ಳಿನ ಭೇದವೇ ಉಳಿಯಲಿಲ್ಲವಲ್ಲ? ಬೌದ್ಧ ತಾರ್ಕಿಕ ಧರ್ಮಕೀರ್ತಿ ಇದನ್ನು ಹಾಸ್ಯದಲ್ಲಿ ಕೇಳಿದ: ಒಂದು ದೃಷ್ಟಿಯಿಂದ ಎಲ್ಲವೂ ಒಂದೇ ಆದರೆ, ಮೊಸರು ತಿನ್ನು ಎಂದಾಗ ಒಂಟೆಯ ಮೇಲೆ ಯಾಕೆ ಬೀಳುವುದಿಲ್ಲ? ಅಕಲಂಕನ ಮರುಹೊಡೆತವೂ ಕಡಿಮೆಯದಲ್ಲ. ಬುದ್ಧ ಹಿಂದಿನ ಜನ್ಮದಲ್ಲಿ ಜಿಂಕೆಯಾಗಿದ್ದನೆಂದು ನಿಮ್ಮವರೇ ಹೇಳುತ್ತಾರೆ. ಆದರೂ ಬುದ್ಧನಿಗೆ ವಂದಿಸುತ್ತೀರಿ, ಜಿಂಕೆಯನ್ನು ತಿನ್ನುತ್ತೀರಿ. ಒಂದು ದೃಷ್ಟಿಯಿಂದ ಒಂದೇ ಆಗಿರುವುದು ಇನ್ನೊಂದು ಅವಸ್ಥೆಯಲ್ಲಿ ಬೇರೆಯಾಗಿರುತ್ತದೆ, ವ್ಯವಹಾರ ಆ ಅವಸ್ಥೆಯನ್ನು ನೋಡಿಯೇ ನಡೆಯುತ್ತದೆ ಎಂಬುದು ಅವನ ತಾತ್ಪರ್ಯ. ಲೆನ್ಸಿನ ವಿಷಯದಲ್ಲೂ ಉತ್ತರ ಹೀಗೆಯೇ ಗಟ್ಟಿಯಾಗಿದೆ. ಹಳೆಯ ಕಟ್ಟಡದ ಗೋಡೆ ವಾಲಿದೆಯೇ ಎಂದು ದಾಖಲಿಸುವ ಎಂಜಿನಿಯರಿಗೆ ನೇರ ಲೆನ್ಸೇ ಬೇಕು; ಅಲ್ಲಿ ಫಿಶ್‌ಐ ತಂದುಕೊಟ್ಟರೆ ಅದು ಮೊಸರು ಕೇಳಿದವನಿಗೆ ಒಂಟೆ ಕೊಟ್ಟಂತೆ. ಕಾಡಿನ ನೆಲದಿಂದ ಮೇಲ್ಮುಖವಾಗಿ ಚಿತ್ರ ತೆಗೆದು, ಎಲೆಗಳ ನಡುವೆ ಎಷ್ಟು ಪಾಲು ಆಕಾಶ ಕಾಣುತ್ತದೆ ಎಂದು ಎಣಿಸಿ, ನೆಲಕ್ಕೆ ತಲುಪುವ ಬೆಳಕನ್ನು ಅಳೆಯುವ ಪರಿಸರ ವಿಜ್ಞಾನಿಗೆ ಫಿಶ್‌ಐ ಬೇಕು. ನೇರ ಲೆನ್ಸು ಅಂಚಿನ ಆಕಾಶವನ್ನು ಹಿಗ್ಗಿಸಿ ಲೆಕ್ಕವನ್ನೇ ಕೆಡಿಸುತ್ತದೆ. ಮೋಡ ಆಕಾಶದ ಎಷ್ಟು ಭಾಗ ಮುಚ್ಚಿದೆ, ಉಲ್ಕೆ ಯಾವ ದಿಕ್ಕಿಗೆ ಉರಿದುಹೋಯಿತು ಎಂದು ಕೇಳುವವರದ್ದೂ ಇದೇ ಕಥೆ. ಬಾಗಿದ ಚಿತ್ರದಿಂದ ಅಳತೆ ತೆಗೆಯಬಹುದು ಎಂಬುದೇ ಅದು ಸುಳ್ಳಲ್ಲ ಎಂಬುದಕ್ಕೆ ಸಾಕ್ಷಿ. ಸುಳ್ಳಿನಿಂದ ಅಳತೆ ಸಿಗುವುದಿಲ್ಲ. ಬ್ರಹ್ಮಸೂತ್ರಭಾಷ್ಯದಲ್ಲಿ ಶಂಕರರು ಎತ್ತುವ ಆಕ್ಷೇಪ ಇದಕ್ಕೆ ಹತ್ತಿರದ್ದು: ಒಂದೇ ವಸ್ತುವಿನಲ್ಲಿ ವಿರುದ್ಧ ಧರ್ಮಗಳು ಕೂಡಲಾರವು, ಹಾಗೆ ಕೂಡಿದರೆ ಜ್ಞಾನವೇ ಅನಿಶ್ಚಿತವಾಗುತ್ತದೆ. ಷರತ್ತನ್ನು ಕಿತ್ತು ಮಾತನ್ನು ಒಂಟಿಯಾಗಿ ನಿಲ್ಲಿಸಿದರೆ ಈ ಆಕ್ಷೇಪ ಊರ್ಜಿತವಾಗುತ್ತದೆ. ಷರತ್ತಿನೊಡನೆ ಹೇಳಿದ ಮಾತಿನಲ್ಲಿ ಅನಿಶ್ಚಯಕ್ಕೆ ಎಡೆಯಿಲ್ಲ. ದೂರ ಕೋನಕ್ಕೆ ಸಮ ಎನ್ನುವುದು ಯಾವ ನೇರ ಗೆರೆಗೂ ಕಡಿಮೆಯಿಲ್ಲದ ಖಚಿತ ನಿಯಮ. ಆದರೆ ಪಾರಮಾರ್ಥಿಕ ಸತ್ಯದ ಮಟ್ಟದಲ್ಲಿ ಷರತ್ತುಗಳೇ ಉಳಿಯುವುದಿಲ್ಲ ಎಂದು ಅದ್ವೈತಿ ಮುಂದುವರಿಸಿದರೆ, ಲೆನ್ಸಿನ ಉದಾಹರಣೆಗೆ ಅಲ್ಲಿ ಪ್ರವೇಶವಿಲ್ಲ ಎಂದು ಒಪ್ಪಿಕೊಳ್ಳುವುದೇ ಸರಿ. ಚಿತ್ರಗಳು ವ್ಯವಹಾರದ ಸಂತಾನ.

ಮನುಷ್ಯನ ಕಣ್ಣಿಗೆ ಕಂಬ ನೆಟ್ಟಗೇ ಕಾಣುತ್ತದೆ, ಆದ್ದರಿಂದ ನೆಟ್ಟಗಿನ ಚಿತ್ರಕ್ಕೆ ಹೆಚ್ಚಿನ ಹಕ್ಕಿದೆ ಎಂಬ ಆಕ್ಷೇಪ ಮೇಲ್ನೋಟಕ್ಕೆ ಬಲವಾದದ್ದು. ಆದರೆ ಕಣ್ಣು ಒಂದು ಸಲಕ್ಕೆ ಸ್ಫುಟವಾಗಿ ನೋಡುವುದು ಸುಮಾರು ಎರಡು ಡಿಗ್ರಿಯಷ್ಟನ್ನು ಮಾತ್ರ. ಉಳಿದದ್ದು ಮಸುಕು, ಅದರ ಹಿಂದಿನ ಪರದೆಯೂ ಚಪ್ಪಟೆಯಲ್ಲ, ಬಾಗಿದ ರೆಟಿನಾ. ಕಂಬದ ಬುಡದಿಂದ ತುದಿಗೆ ದೃಷ್ಟಿ ಓಡಾಡಿ, ಮನಸ್ಸು ಆ ತುಂಡುಗಳನ್ನು ಕೂಡಿಸಿ ನೇರವನ್ನು ಕಟ್ಟಿಕೊಳ್ಳುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಗೆರೆಗಳನ್ನು ಒಳಕ್ಕೆ ಬಾಗಿಸಿದ ಒಂದು ಚದುರಂಗದ ಹಲಗೆಯನ್ನು ಬರೆದು, ಬಹಳ ಹತ್ತಿರದಿಂದ ನಡುವಿನ ಚುಕ್ಕಿಯ ಮೇಲೆ ದೃಷ್ಟಿ ನೆಟ್ಟರೆ ಅವೇ ನೆಟ್ಟಗೆ ಕಾಣುತ್ತವೆ ಎಂದು ತೋರಿಸಿದ. ಅಂಚಿನ ನೋಟಕ್ಕೆ ತನ್ನದೇ ಆದ ಬಾಗು ಇದೆ ಎಂದಾಯಿತು. ಹಾಗೆಂದು ಫಿಶ್‌ಐ ಮನುಷ್ಯನ ಕಣ್ಣಿನಂತೆ ನೋಡುತ್ತದೆ ಎಂದೂ ಹೇಳಲಾಗದು. ಯಾವ ಲೆನ್ಸೂ ಹಾಗೆ ನೋಡುವುದಿಲ್ಲ. ಕಂಪ್ಯೂಟರಿನಲ್ಲಿ ಬಾಗನ್ನು ಬಿಡಿಸಿ ನೇರ ಮಾಡಬಹುದಲ್ಲ ಎನ್ನುವವರಿಗೆ ಉತ್ತರ ಇನ್ನೂ ಚಿಕ್ಕದು: ಬಿಡಿಸಿದಾಗ ಅಂಚಿನ ಆಕಾಶ ಕತ್ತರಿಸಿ ಹೋಗುತ್ತದೆ, ಮೂಲೆಗಳು ಹಿಗ್ಗಿ ಮಸುಕಾಗುತ್ತವೆ. ಅದು ಒಂದು ನಯದಿಂದ ಇನ್ನೊಂದಕ್ಕೆ ದಾಟಿದ್ದು, ದಾಟಲು ಸುಂಕ ಕಟ್ಟಿದ್ದು.

ಇನ್ನೊಂದು ಆಸೆ ಈ ಲೆನ್ಸಿನ ಸುತ್ತ ಹುಟ್ಟಿಕೊಳ್ಳುತ್ತದೆ, ಅದು ಆಕ್ಷೇಪಕ್ಕಿಂತ ಅಪಾಯಕಾರಿ. ನೋಟ ಅಗಲವಾದಷ್ಟೂ ಪೂರ್ಣಕ್ಕೆ ಹತ್ತಿರವಾದೆವು. ಎರಡು ಫಿಶ್‌ಐಗಳನ್ನು ಬೆನ್ನಿಗೆ ಬೆನ್ನು ಹಚ್ಚಿದ 360 ಡಿಗ್ರಿ ಕ್ಯಾಮೆರಾ ಸಿಕ್ಕರೆ ಎಲ್ಲವನ್ನೂ ಕಂಡಂತೆ! ಜೈನರು ಒಪ್ಪುವ ಕೇವಲಜ್ಞಾನದಲ್ಲಿ ಎಲ್ಲ ದ್ರವ್ಯಗಳೂ ಅವುಗಳ ಎಲ್ಲ ಪರ್ಯಾಯಗಳೊಡನೆ, ಅಂದರೆ ಅವಸ್ಥೆಗಳೊಡನೆ, ತಿಳಿಯುತ್ತವೆ, ಆದರೆ ಇಂದ್ರಿಯದ ನೆರವಿಲ್ಲದೆ, ಒಂದು ಜಾಗ ಒಂದು ಕಾಲದ ಕಟ್ಟಿಲ್ಲದೆ. ಕ್ಯಾಮೆರಾ ಎಷ್ಟು ಡಿಗ್ರಿ ನೋಡಿದರೂ ನಿಂತಿರುವುದು ಒಂದು ಬಿಂದುವಿನಲ್ಲಿ, ನೋಡುವುದು ಸೆಕೆಂಡಿನ ಒಂದು ಚೂರನ್ನು, ತೋರುವುದು ಮೇಲ್ಮೈಗಳನ್ನು. ಕಂಬದ ಹಿಂದಿನದು ಕಂಬದ ಹಿಂದೆಯೇ ಉಳಿಯುತ್ತದೆ. ಡಿಗ್ರಿ ಕೂಡಿಸುತ್ತ ಹೋದರೆ ಒಂದು ದಿನ ಕೇವಲಿಯಾಗುತ್ತೇವೆ ಎನ್ನುವುದು ಅಂಕಿಯನ್ನು ಗುಣವೆಂದು ತಿಳಿದ ತಪ್ಪು. ಚೌಕಟ್ಟಿಗೆ ಬಂದ ಆ ಪಾದಗಳ ಬಗ್ಗೆಯೂ ಇಲ್ಲೇ ಒಂದು ಮಾತು: ಅವು ಕಂಡಿದ್ದರಿಂದ ನೋಡುವವನು ಚಿತ್ರದೊಳಗೆ ಬಂದ ಎಂದು ಹಿಗ್ಗಬಾರದು. ಪಾದ ದೃಶ್ಯಕ್ಕೆ ಸೇರಿದ್ದು. ನೋಟ ಹೊರಟ ಬಿಂದು ಯಾವ ಚಿತ್ರದಲ್ಲೂ ಮೂಡುವುದಿಲ್ಲ, ದೃಕ್ಕು ದೃಶ್ಯವಾಗದು ಎಂದು ವೇದಾಂತಿಗಳು ಸಾಧಿಸುವುದು ಇದಕ್ಕಿಂತ ಎಷ್ಟೋ ಆಳದ ಅರ್ಥದಲ್ಲಿ. ಆದರೂ ಪಾದಗಳು ಬಂದದ್ದು ಒಳ್ಳೆಯದೇ. ಈ ಚಿತ್ರಕ್ಕೊಂದು ಜಾಗವಿದೆ, ಅಲ್ಲಿ ಯಾರೋ ನಿಂತಿದ್ದರು ಎಂಬ ಷರತ್ತನ್ನು ಅವು ಸಾರುತ್ತವೆ.

ಕೊನೆಗೆ ಉಳಿಯುವ ಆಕ್ಷೇಪ ನೇರವಾದದ್ದು, ಅದರಲ್ಲಿ ಅರ್ಧ ನನಗೂ ಒಪ್ಪಿಗೆ: ಗಾಜು ಏನನ್ನೂ ಸಾಧಿಸುವುದಿಲ್ಲ, ಸಾಧಿಸುವವರು ಮನುಷ್ಯರು, ನಯ-ದುರ್ನಯವನ್ನು ಲೆನ್ಸಿಗೆ ಅಂಟಿಸುವುದು ಅಲಂಕಾರದ ಮಾತು. ನಿಜ, ಚಿತ್ರ ಸುಳ್ಳಾಗುವುದು ಅದರ ಕೆಳಗೆ ಬರೆಯುವ ಸಾಲಿನಲ್ಲಿ, ಅದನ್ನು ಒಡ್ಡುವ ಸಂದರ್ಭದಲ್ಲಿ. ಅಂಗಡಿಯ ಚಾವಣಿಯ ಅಗಲ ನೋಟದ ಸಿಸಿಟಿವಿ ಚಿತ್ರ ತೋರಿಸಿ, ಇಬ್ಬರ ನಡುವೆ ಇಷ್ಟೇ ದೂರವಿತ್ತು ಎಂದು ವಾದಿಸುವವರು ಅಂಥ ಸಾಲು ಬರೆಯುತ್ತಿರುತ್ತಾರೆ. ಕ್ಯಾಮೆರಾ ಏನನ್ನೂ ಹೇಳಿರುವುದಿಲ್ಲ. ಆದರೆ ಸಾಧನಗಳು ಮನುಷ್ಯರಿಗೆ ಯಾವ ಮರೆವನ್ನು ಸುಲಭ ಮಾಡಿಕೊಡುತ್ತವೆ, ಯಾವುದನ್ನು ಕಷ್ಟ ಮಾಡುತ್ತವೆ ಎಂಬುದರಲ್ಲಿ ವ್ಯತ್ಯಾಸವಿದೆ; ಆ ವ್ಯತ್ಯಾಸವನ್ನು ತೂಗುವುದು ಅಲಂಕಾರವಲ್ಲ. ತಾನೇ ತಿದ್ದಿಕೊಳ್ಳುವ ಲೆನ್ಸು ಚಿತ್ರದ ಕಡತದೊಳಗೆ ತನ್ನ ಹೆಸರು, ಫೋಕಲ್ ಲೆಂತ್, ಅಪರ್ಚರ್ ಎಲ್ಲವನ್ನೂ ಬರೆದಿಡುತ್ತದೆ, ಅದಕ್ಕೇ ಅವನ್ನು ಯಾರೂ ಓದುವುದಿಲ್ಲ. ಮ್ಯಾನುಯಲ್ ಲೆನ್ಸಿನ ಚಿತ್ರದಲ್ಲಿ ಆ ಜಾಗಗಳು ಖಾಲಿ, ಇಲ್ಲವೇ ಸೊನ್ನೆ. ಎಷ್ಟು ಮಿಲಿಮೀಟರ್, ಯಾವ ಅಪರ್ಚರ್, ನಡುವಿನಿಂದ ಅಂಚಿಗೆ ಯಾವ ನಿಯಮದಂತೆ ಬಾಗು, ಕ್ಯಾಮೆರಾ ನೆಲದಿಂದ ಎಷ್ಟೆತ್ತರದಲ್ಲಿ ಯಾವ ಕಡೆಗೆ ವಾಲಿತ್ತು ಎಂಬುದನ್ನು, ಆ ಚಿತ್ರವನ್ನು ಯಾವುದಕ್ಕಾದರೂ ಪ್ರಮಾಣವಾಗಿ ಬಳಸಬೇಕೆನ್ನುವವರು ತಾವೇ ಕೈಯಾರೆ ಬರೆದಿಡಬೇಕು. ಕಾಡಿನ ಎಲೆಚಪ್ಪರ ಅಳೆಯುವವರು ಹಾಗೆ ಬರೆದಿಡುತ್ತಾರೆ. ಪತ್ರಿಕೆಗಳ ಫೋಟೋಗಳ ಕೆಳಗೆ ಊರಿನ ಹೆಸರು, ತೆಗೆದವರ ಹೆಸರು ಇರುತ್ತದೆ. ಲೆನ್ಸಿನ ಹೆಸರನ್ನು ಹಾಕುವ ವಾಡಿಕೆ ಇನ್ನೂ ಬಂದಿಲ್ಲ.